ಅತ್ತೆಯ ಡಚ್ ಮತ್ತು ಬದನೆಯ ಮೊಗ್ಗು

ನಮ್ಮ ಅತ್ತೆ ಯಾರನ್ನೂ ನಂಬುವುದಿಲ್ಲ ಎಂದು ರಾಣೇಬೆನ್ನೂರಿನ ಅರ್ಧ ಊರು ಹೇಳುತ್ತದೆ. ಇದು ಬರೀ ಅಪಪ್ರಚಾರ! ಅವರು ತಮ್ಮ ಚಿಮುಟವನ್ನು ನಂಬುತ್ತಾರೆ. ಅದನ್ನೂ ದಿನಕ್ಕೆ ಎರಡು ಸಲ ಸ್ಪಿರಿಟ್ಟಿನಲ್ಲಿ ಅದ್ದಿ, ಬೆಳಕಿಗೆ ಹಿಡಿದು ನೋಡಿದ ಮೇಲೆ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ವಯಸ್ಸು ಐವತ್ತೇಳೋ ಐವತ್ತೊಂಬತ್ತೋ, ಕೇಳಿದರೆ "ನಿನಗ್ಯಾಕ ಬೇಕು?" ಎನ್ನುತ್ತಾರೆ. ಮದುವೆಯಾಗಲಿಲ್ಲ. ಹಿಂದೆ ಒಬ್ಬರು ನೋಡಲು ಬಂದಿದ್ದರಂತೆ. "ಬಂದಾಂವ ಮೂರು ಸಲ ನಕ್ಕ. ನಾ ಏನೂ ಅಂದಿದ್ದಿಲ್ಲ. ಮತ್ತ್ಯಾಕ ನಕ್ಕ?" ಎಂದು ಇವತ್ತಿಗೂ ನಮ್ಮನ್ನೇ ಕೇಳುತ್ತಾರೆ. ಹಾಲಿನವನು ಹಾಲಿಗೆ ನೀರು ಬೆರೆಸಿದರೆ ಅತ್ತೆಗೆ ಸಿಟ್ಟು ಬರುತ್ತದೆ. ಬೆರೆಸದಿದ್ದರೆ ಸಂಶಯ ಬರುತ್ತದೆ. ನೆರೆಮನೆಯಾಕೆ ಹೋಳಿಗೆ ಕೊಟ್ಟುಹೋದರೆ, ಆಕೆ ಏನು ಕೇಳಲು ಬರುತ್ತಾಳೋ ಎಂದು ಮೂರು ದಿನ ಕಾಯುತ್ತಾರೆ. ಬರಲಿಲ್ಲವೋ, ನಾಲ್ಕನೆಯ ದಿನ ತಾವೇ ಹೋಗಿ, "ಏನ್ ಬೇಕಾಗಿತ್ತು, ಹೇಳಿಬಿಡು ಒಮ್ಮೆ" ಎಂದು ಕೇಳಿ ಬರುತ್ತಾರೆ.

ಇಂಥವರಿಗೆ ದೇವರು ಅಳತೆ ತೆಗೆದು ಹೊಲಿಸಿದಂಥ ಕೆಲಸವನ್ನೇ ಕೊಟ್ಟಿದ್ದಾನೆ. ಕುಪ್ಪೇಲೂರಿನ ದಾರಿಯಲ್ಲಿ ಹಸಿರು ಬಲೆ ಹೊದಿಸಿದ ನಾಲ್ಕು ದೊಡ್ಡ ಮನೆಗಳಿವೆ. ಒಳಗೆಲ್ಲ ಬದನೆ ಗಿಡ. ಪಲ್ಯದ ಬದನೆಯಲ್ಲ, ಬೀಜದ ಬದನೆ. ಹಾಲೆಂಡಿನ ಒಂದು ಬೀಜದ ಕಂಪನಿಗೆ ಇಲ್ಲಿ ಹೈಬ್ರಿಡ್ ಬೀಜ ತಯಾರಾಗುತ್ತದೆ. ನಾಳೆ ಅರಳಬೇಕಾದ ಮೊಗ್ಗನ್ನು ಇವತ್ತು ಸಂಜೆಯೇ ಚಿಮುಟದಿಂದ ಬಿಡಿಸಿ, ಒಳಗಿನ ಐದಾರು ಗಂಡು ಕೇಸರಗಳನ್ನು ಕಿತ್ತು ತೆಗೆಯಬೇಕು. ಮರುದಿನ ಬೆಳಿಗ್ಗೆ ಬೇರೊಂದು ತಳಿಯ ಹೂವಿನ ಪರಾಗವನ್ನು ಅದಕ್ಕೆ ಮುಟ್ಟಿಸಿ, ತೊಟ್ಟಿಗೆ ಬಣ್ಣದ ಉಲ್ಲನ್ ದಾರ ಕಟ್ಟಬೇಕು. ಇದಕ್ಕೆ ನಮ್ಮ ಕಡೆ ಎಲ್ಲರೂ 'ಕ್ರಾಸಿಂಗ್' ಎನ್ನುತ್ತಾರೆ. ಒಂದೇ ಒಂದು ಕೇಸರ ಒಳಗುಳಿದರೂ ಆ ಹೂವು ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟಿಬಿಡುತ್ತದೆ, ಬೀಜ ಕೆಡುತ್ತದೆ. ಮೂವತ್ತು ಹೆಣ್ಣುಮಕ್ಕಳು ಅಲ್ಲಿ ಈ ಕೆಲಸ ಮಾಡುತ್ತಾರೆ. ಅವರ ಮೇಲ್ವಿಚಾರಣೆ ಅತ್ತೆಯದು. ಅಂದರೆ, ಬೆಳಗಿನಿಂದ ಸಂಜೆಯವರೆಗೆ ಪ್ರತಿಯೊಂದು ಹೂವನ್ನೂ ಸಂಶಯದಿಂದ ನೋಡುವುದೇ ಉದ್ಯೋಗ! ಬಲೆಯ ತೂತಿನಿಂದ ಒಂದು ಜೇನುನೊಣ ಒಳಗೆ ಬಂದರೆ ಅತ್ತೆ ಅದನ್ನು ಅಟ್ಟಿಸಿಕೊಂಡು ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. "ಯಾರ ಕಳಿಸ್ಯಾರ ನಿನ್ನ? ಹೇಳು, ಯಾರ ಕಳಿಸ್ಯಾರ?"

ಈಗ ಡಚ್ಚಿನ ವಿಷಯಕ್ಕೆ ಬರುತ್ತೇನೆ.

ಪ್ರತಿ ವರ್ಷ ಹೂವಿನ ಕಾಲದಲ್ಲಿ ಹಾಲೆಂಡಿನಿಂದ ತಪಾಸಣೆಗೆ ಇಬ್ಬರು ಬರುತ್ತಾರೆ. ಒಬ್ಬರು ಅತ್ತೆಯ ಓರಗೆಯ ಒಬ್ಬ ಹೆಂಗಸು. ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ. ಕೆಲಸದ ಹೆಣ್ಣುಮಕ್ಕಳು ಅವರಿಗೆ 'ಉದ್ದ ಮೇಡಂ' ಎಂದೇ ಹೆಸರಿಟ್ಟಿದ್ದಾರೆ. ಇನ್ನೊಬ್ಬ ಸದಾ ಬರೆದುಕೊಳ್ಳುವ ಒಬ್ಬ ಯುವಕ. ಇಬ್ಬರೂ ತಮ್ಮತಮ್ಮಲ್ಲಿ ಕಾಲು ತಾಸು ಡಚ್ಚಿನಲ್ಲಿ ಮಾತಾಡುತ್ತಾರೆ. ಅದನ್ನು ಐದು ನಿಮಿಷಕ್ಕೆ ಇಳಿಸಿ ಇಂಗ್ಲಿಷಿನಲ್ಲಿ ನಮ್ಮ ಕಡೆಯ ಫೀಲ್ಡ್ ಆಫೀಸರಿಗೆ ಹೇಳುತ್ತಾರೆ. ಆಫೀಸರು ಅತ್ತೆಯ ಕಡೆ ತಿರುಗಿ, "ಚಲೋ ಐತಂತರಿ" ಎನ್ನುತ್ತಾರೆ.

"ಕಾಲು ತಾಸಿನ ಮಾತು ಎಲ್ಲಿ ಹೋತು?" ಎಂದು ಅತ್ತೆ ಕೇಳುತ್ತಾರೆ. "ದಾರ್ಯಾಗ ಯಾರು ತಿಂದ್ರು?"

ಹೋದ ವರ್ಷ ಇದು ಬರೀ ತಮಾಷೆಯಾಗಿ ಉಳಿಯಲಿಲ್ಲ. ಅತ್ತೆಯ ಬೀಜದಲ್ಲಿ ಬೇರೆ ಜಾತಿಯ ಗಿಡ ಅಲ್ಲೊಂದು ಇಲ್ಲೊಂದು ಹುಟ್ಟಿದವಂತೆ. ಉದ್ದ ಮೇಡಂ ಮತ್ತು ಯುವಕ ಒಂದು ಸಾಲಿನ ಮುಂದೆ ನಿಂತು ಬಹಳ ಹೊತ್ತು ಮಾತಾಡಿದರು, ನಡುವೆ ಎರಡು ಸಲ ಅತ್ತೆಯನ್ನು ತಿರುಗಿ ನೋಡಿದರು. ಆಫೀಸರು ಕೊಟ್ಟ ಅನುವಾದ: "ಬರೋ ವರ್ಷ ನೋಡೂಣಂತರಿ." ಆಮೇಲೆ, ಏಳೆಂಟು ತಿಂಗಳು ಬಿಟ್ಟು, ಚಹಾ ಕುಡಿಯುತ್ತ ಸಹಜವಾಗಿ ಸೇರಿಸಿದರು: ಬರುವ ತಪಾಸಣೆ ಕೆಟ್ಟರೆ ಬಲೆಮನೆಗಳು ಬೇರೆಯವರಿಗೆ ಹೋಗುತ್ತವೆ. ಬೇರೆಯವರು ತಮ್ಮ ಆಳುಗಳನ್ನು ತರುತ್ತಾರೆ. ಅತ್ತೆಯೂ, ಮೂವತ್ತು ಹೆಣ್ಣುಮಕ್ಕಳೂ ಮನೆಗೆ.

ಅತ್ತೆ ಅಳಲಿಲ್ಲ, ಯಾರ ಕಾಲಿಗೂ ಬೀಳಲಿಲ್ಲ. ನನಗೆ ಫೋನ್ ಮಾಡಿದರು.

ನಾನು ಹಾವೇರಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಧಾರವಾಡದಲ್ಲಿ ಭಾಷಾಶಾಸ್ತ್ರ ಓದಿದ್ದೇನೆ. ಹೆಚ್ಚು ಮಾತಾಡುವ ಸ್ವಭಾವದವಳಲ್ಲ.

"ನೀ ಭಾಷಾದ್ದ ಏನೋ ಓದೀದಿ ಅಲ್ಲ? ಎಷ್ಟು ಭಾಷಾ ಬರ್ತಾವ?"

"ಕನ್ನಡ, ಇಂಗ್ಲಿಷು, ಒಂದೀಟು ಹಿಂದಿ."

"ಅಷ್ಟs? ಎರಡು ವರ್ಷ ಏನ್ ಮಾಡಿದಿ?"

ಭಾಷಾಶಾಸ್ತ್ರವೆಂದರೆ ಭಾಷೆಗಳನ್ನು ಕಲಿಯುವುದಲ್ಲ, ಭಾಷೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯುವುದು ಎಂದು ನಾನು ವಿವರಿಸಿದೆ.

"ಅಂದ್ರ ಎಂಜಿನ್ ಬಿಚ್ಚಾಕ ಬರ್ತದ, ಗಾಡಿ ಹೊಡ್ಯಾಕ ಬರೂದಿಲ್ಲ."

ನನ್ನ ಸ್ನಾತಕೋತ್ತರ ಪದವಿಯನ್ನು ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

"ಇರ್ಲಿ, ನೀನs ಆಗಬೇಕು," ಎಂದರು. "ನೀ ಎಲ್ಲೂ ಬಾಯಿ ಬಿಡಾಕಿ ಅಲ್ಲ." ಆಮೇಲೆ ದನಿ ತಗ್ಗಿಸಿ, "ಅಲ್ಲಾ, ನೀ ಇಷ್ಟ್ಯಾಕ ಸುಮ್ನಿರ್ತಿ? ಏನರ ಐತೇನು?"

ಹೀಗೆ ನನಗೇ ಬಾರದ ಡಚ್ಚನ್ನು ನಾನು ಪ್ರತಿ ಭಾನುವಾರ ರಾಣೇಬೆನ್ನೂರಿಗೆ ಹೋಗಿ ಕಲಿಸತೊಡಗಿದೆ. ಫೋನಿನಲ್ಲಿ ಒಂದು ನಿಘಂಟು, ಪದಗಳನ್ನು ಉಚ್ಚರಿಸಿ ತೋರಿಸುವ ಒಂದು ಹೆಣ್ಣುದನಿ, ಒಂದು ನೋಟ್‌ಬುಕ್ಕು: ಇಷ್ಟೇ ಬಂಡವಾಳ. ಅತ್ತೆ ಕದ ಹಾಕಿ, ಕಿಟಕಿಯ ಪರದೆ ಎಳೆದು, ಆಮೇಲೆ ಫೋನನ್ನೂ ಮಗುಚಿ ಇಡುತ್ತಿದ್ದರು. ಪಾಠ ಇರುವುದೇ ಅದರಲ್ಲಿ ಎಂದು ಪ್ರತಿ ಸಲ ನೆನಪಿಸಬೇಕಾಗುತ್ತಿತ್ತು.

ಅವರ ಕೆಲಸಕ್ಕೆ ಬೇಕಾದ ಪದಗಳನ್ನೇ ಆರಿಸಿದೆ. ಚಿಮುಟಕ್ಕೆ ಡಚ್ಚರು ಪಿನ್-ಸೆಟ್ ಎನ್ನುತ್ತಾರೆ. ಗಿಡಕ್ಕೆ ಕಟ್ಟುವ ಚೀಟಿ ಎ-ತಿ-ಕೆಟ್. ಕಲ್ಲಂಗಡಿಯ ಬಳಗದ ಹಣ್ಣು ಮ-ಲೂನ್. ನಮ್ಮ ಬದನೆ ಅಲ್ಲಿ ಓ-ಬೆರ್-ಝೀ-ನ. ಇವೆಲ್ಲ ಹಿಂದೆ ಫ್ರೆಂಚಿನಿಂದ ಬಂದವು. ಊರು ಬಿಟ್ಟು ಬಂದರೂ ಹುಟ್ಟೂರಿನ ಗತ್ತು ಬಿಟ್ಟಿಲ್ಲ: ಅಪ್ಪಟ ಡಚ್ ಪದಗಳು ಹೆಚ್ಚಾಗಿ ಮೊದಲಲ್ಲೇ ಒತ್ತು ಹಾಕಿದರೆ ಇವು ಕೊನೆಗೆ ಹಾಕುತ್ತವೆ. ಪಿನ್-ಸೆಟ್‌ನಲ್ಲಿ 'ಸೆಟ್' ಮೇಲೆ, ಎ-ತಿ-ಕೆಟ್‌ನಲ್ಲಿ 'ಕೆಟ್' ಮೇಲೆ. ಓ-ಬೆರ್-ಝೀ-ನದಲ್ಲಿ ಮಾತ್ರ ತುದಿಯ 'ನ' ಉಸಿರಿನಷ್ಟು ಸಣ್ಣದು, ಅದನ್ನು ಬಿಟ್ಟು ಅದರ ಹಿಂದಿನ 'ಝೀ' ಮೇಲೆ.

"ಫ್ರೆಂಚರಿಂದ ಎರವಲ ತಂದಾರ?" ಎಂದರು ಅತ್ತೆ. "ಯಾವಾಗ ಹೊಳ್ಳಿ ಕೊಡ್ತಾರ?"

"ಕೊಡೂದಿಲ್ಲ ಅತ್ತಿ. ಪದ ಹಂಗ ಉಳಕೋತಾವ."

"ಕೇಳಿ ತಂದಾರೇನು?"

"ಇಲ್ಲ."

"ನನಗ ಮೊದಲs ಸಂಶೆ ಇತ್ತು ಆ ಮಂದಿ ಮ್ಯಾಲ."

ಕಷ್ಟ ಇದ್ದದ್ದು ಬೇರೆ ಕಡೆ. ಒಂದು ಅಕ್ಷರವನ್ನು ಎದ್ದುಕಾಣಿಸಬೇಕೆಂದರೆ ಕನ್ನಡದವರಾದ ನಾವು ಅದನ್ನು ಎಳೆಯುತ್ತೇವೆ. ನಮ್ಮ ಗುರು-ಲಘುಗಳೆಲ್ಲ ಎಷ್ಟು ಹೊತ್ತು ಹಿಡಿಯಿತು ಎಂಬ ಲೆಕ್ಕ. ಡಚ್ಚರು ಹೊತ್ತು ನೋಡುವುದಿಲ್ಲ, ಒತ್ತು ನೋಡುತ್ತಾರೆ. ಅತ್ತೆಯ "ಪಿನ್-ಸೇಏಏಟ್" ಕೇಳಿದರೆ ಯಾರೋ ದನ ಕರೆದಂತೆ ಇರುತ್ತಿತ್ತು. "ಎಳೀಬ್ಯಾಡ್ರಿ, ಒತ್ತರಿ," ಎಂದು ನಾನು ಚಪ್ಪಾಳೆ ತಟ್ಟಿ ತೋರಿಸಿದೆ. ಒತ್ತು ಬರುವ ಕಡೆ ಜೋರು ಚಪ್ಪಾಳೆ, ಉಳಿದ ಕಡೆ ಮೆಲ್ಲಗೆ. ಕದ ಹಾಕಿದ ಮನೆಯಿಂದ ಹೊರಟ ಈ ಚಪ್ಪಾಳೆ ಓಣಿಯಲ್ಲಿ ಏನೇನೋ ಎಬ್ಬಿಸಿತು. ಮೂರನೆಯ ಭಾನುವಾರ ಹೋಳಿಗೆಯ ಆ ನೆರೆಮನೆಯಾಕೆ ಬಾಗಿಲಲ್ಲಿ ನಿಂತು, "ಮೊಣಕಾಲ ನೋವಿಗೂ ಈ ಮಂತ್ರ ನಡೀತದೇನ್ರಿ?" ಎಂದು ಕೇಳಿದರು. ಅತ್ತೆ ನನ್ನ ಕಡೆ ತಿರುಗಿ ಗೆಲುವಿನಿಂದ ಹೇಳಿದರು: "ನೋಡಿದೇನು? ಹೋಳಿಗಿ ಯಾಕ ಕೊಟ್ಲು ಅಂತ ಈಗ ತಿಳೀತು!"

ಜೋಡುಪದಗಳಿಗೆ ಬಂದಾಗ ನಾನು ಹೆದರಿದ್ದೆ. ಡಚ್ಚರು ಎರಡು ಪದಗಳನ್ನು ಬೆಸೆದು ಒಂದೇ ಉದ್ದ ಪದ ಮಾಡಿಬಿಡುತ್ತಾರೆ. ಬೀಜಕ್ಕೆ ಅವರು ಝಾತ್ ಎನ್ನುತ್ತಾರೆ, ಅದು ಅಪ್ಪಟ ಡಚ್. ಫ್ರೆಂಚಿನ ಬದನೆಗೆ ಅದನ್ನು ಅಂಟಿಸಿದರೆ ಓ-ಬೆರ್-ಝೀ-ನ-ಝಾತ್, ಬದನೆ ಬೀಜ. ಈಗ ಒತ್ತು ಎಲ್ಲಿ? ನಾನು ಪುಸ್ತಕದ ಭಾಷೆಯಲ್ಲಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನೋಟ್‌ಬುಕ್ಕಿನ ಮೇಲೆ ಬಗ್ಗಿದರು. ಉಗುರಿನಿಂದ 'ನ' ಮತ್ತು 'ಝಾತ್' ನಡುವೆ ಒಂದು ಗೆರೆ ಎಳೆದರು.

"ಕೂಡಿಸಿದ್ದು ಇಲ್ಲೆ. ಬಿಡಿಸೂದೂ ಇಲ್ಲೇ. ಬ್ಯಾರೆ ಕಡೆ ಚಿಮ್ಟಾ ಹಾಕಿದ್ರ ಎರಡೂ ಸಾಯ್ತಾವ."

"ಹೌದು. ಒತ್ತು?"

"ಕ್ರಾಸಿಂಗ್ ಚೀಟ್ಯಾಗ ನಾವು ಏನು ಮೊದಲ ಬರೀತೀವಿ? ಹೆಣ್ಣು ತಳಿ. ಆಮ್ಯಾಲೆ ಗಂಡು. ಮುಂದ ಇರಾಕಿ ತಾಯಿ. ಜೋರು ತಾಯೀದು. 'ಝೀ' ಮ್ಯಾಲs ಉಳೀತದ. ಹಿಂದ ಬಂದಾಂವ ಮೆತ್ತಗ ಮಾತಾಡ್ತಾನ."

ಫೋನಿನ ಹೆಣ್ಣುದನಿ ಓ-ಬೆರ್-ಝೀ-ನ-ಝಾತ್ ಎಂದಿತು. 'ಝೀ' ಮೇಲೇ ಒತ್ತು. ನನ್ನ ಅಧ್ಯಾಪಕರು ಇಡೀ ಒಂದು ಅವಧಿ ತೆಗೆದುಕೊಂಡು ಹೇಳಿದ್ದನ್ನು ಅತ್ತೆ ಬದನೆ ಗಿಡದಿಂದ ಕಿತ್ತು ಕೊಟ್ಟಿದ್ದರು! ನನಗೆ ಸ್ವಲ್ಪ ಸಿಟ್ಟೂ ಬಂತು.

ಅಲ್ಲಿಂದ ಅವರನ್ನು ಹಿಡಿಯುವವರಿರಲಿಲ್ಲ. ಕೆಲಸಕ್ಕೆ ಬೇಡದ ಪದಗಳೂ ಬೇಕಾದವು. ಗ್ಯಾರೇಜಿನ ಬಾಗಿಲು, ಕೊಡೆ ಇಡುವ ಡಬ್ಬಿ, ಉಡುಗೊರೆಯ ಚೀಟಿ. ಫ್ರೆಂಚ್ ತಾಯಿ, ಡಚ್ ತಂದೆ ಇರುವ ಎಲ್ಲವೂ. "ಅವರು ಕೊಡಿ ಡಬ್ಬಿ ಬಗ್ಗೆ ಯಾಕ ಮಾತಾಡ್ತಾರ ಅತ್ತಿ, ಬದನಿ ತ್ವಾಟದಾಗ?" ಎಂದರೆ, "ನನಗ ತಿಳೀಬಾರದು ಅಂತ ಅದನ್ನs ಮಾತಾಡಬಹುದು," ಎಂದರು. ಕೊಡೆ ಡಬ್ಬಿಯನ್ನೂ ನೋಟ್‌ಬುಕ್ಕಿಗೆ ಸೇರಿಸಿದೆ.

ಒಂದು ಸಲ ಅತ್ತೆ ನನ್ನ ಜೊತೆ ಹಾವೇರಿಗೆ ಹೊರಟರು. ಬಸ್ಸು ತುಂಬಿತ್ತು. ನಾವು ಕೊನೆಯ ಬಾಗಿಲಿನ ಹತ್ತಿರ. ಅತ್ತೆ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಪಾಠ ಒಪ್ಪಿಸುತ್ತಿದ್ದರು, ಒತ್ತು ಬಂದ ಕಡೆ ಮಾತ್ರ ಅಂಗೈಯಿಂದ ಬಸ್ಸಿನ ತಗಡಿಗೆ ಒಂದು ಏಟು. ಮೊದಲ ಏಟಿಗೆ ಬಸ್ಸು ನಿಂತಿತು. ಯಾರೂ ಇಳಿಯಲಿಲ್ಲ. ಹೊರಟಿತು. ಎರಡನೆಯ ಏಟಿಗೆ ಮತ್ತೆ ನಿಂತಿತು. ಡ್ರೈವರು ಕನ್ನಡಿಯಲ್ಲಿ ಕಂಡಕ್ಟರನ್ನು ನೋಡಿದರು, ಕಂಡಕ್ಟರು ಹಿಂದಿನ ಸೀಟಿನ ಕಾಲೇಜು ಹುಡುಗರನ್ನು ನೋಡಿದರು, ಹುಡುಗರು ಪರಸ್ಪರ ನೋಡಿಕೊಂಡರು. ಮೂರನೆಯ ಏಟಿಗೆ ಕೈ ಸಿಕ್ಕಿಬಿತ್ತು.

"ಅವ್ವಾರ, ಎಲ್ಲಿ ಇಳೀಬೇಕ್ರಿ ನೀವು? ಒಂದs ಸಲ ಹೇಳ್ರಿ!"

ಅತ್ತೆ ಕಣ್ಣು ಬಿಟ್ಟು, ಗಂಭೀರವಾಗಿ, "ಮೂರನೇ ಅಕ್ಷರದ ಮ್ಯಾಲ," ಎಂದರು.

ಕಂಡಕ್ಟರು ನನ್ನನ್ನು ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ. ಆ ಕಡೆ ವಿಶೇಷವೇನೂ ಇರಲಿಲ್ಲ, ಆದರೂ ಹಾವೇರಿ ಬರುವವರೆಗೆ ನೋಡಿದೆ.

ಇನ್ನು ಬ್ಯಾಡಗಿಯ ಕಥೆ. ಅಲ್ಲಿ ಅಪ್ಪನ ತಮ್ಮ, ನಮ್ಮ ಕಾಕಾ, ಮೆಣಸಿನಕಾಯಿ ವ್ಯಾಪಾರ ಮಾಡುತ್ತಾರೆ. ಅತ್ತೆಗೆ ಡಚ್ಚಿನ 'ಗ' ಬಾಯಿಗೆ ಹತ್ತಿರಲಿಲ್ಲ. ಅದು ನಮ್ಮ 'ಗ' ಅಲ್ಲ. ಗಂಟಲಿನ ತಳದಿಂದ, ಮೀನಿನ ಮುಳ್ಳು ತೆಗೆಯುವವರಂತೆ, 'ಖ್' ಎಂದು ಕೆರೆದು ತರಬೇಕು. ಗ್ಯಾರೇಜು ಅವರಲ್ಲಿ ಖ-ರಾ-ಝ. ಎರಡು ವಾರ ಒದ್ದಾಡಿದ ಮೇಲೆ ಅತ್ತೆ ಒಂದು ದಿನ ಏನೂ ಹೇಳದೆ ನನ್ನನ್ನು ಬ್ಯಾಡಗಿಗೆ ಕರೆದೊಯ್ದರು. ಕಾಕಾನ ಅಂಗಡಿಯ ಮುಂದೆ ಕೆಂಪು ರಾಶಿಗಳು, ಗಾಳಿಯಲ್ಲಿ ಮೆಣಸಿನಕಾಯಿಯ ಧೂಳು, ಬಂದವರೆಲ್ಲ ಕೆಮ್ಮುವವರೇ. ಅತ್ತೆ ರಾಶಿಯ ಪಕ್ಕ ಚೀಲದ ಮೇಲೆ ಕುಳಿತು, ಒಂದು ದೊಡ್ಡ ಉಸಿರೆಳೆದು, ಶುರುಮಾಡಿದರು:

"ಖ್... ಖ-ರಾ-ಝ! ಖ-ರಾ-ಝ!"

ಎಂಥ ಶುದ್ಧ ಉಚ್ಚಾರಣೆ! ಫೋನಿನ ಹೆಂಗಸೂ ನಾಚಬೇಕು. ಆದರೆ ಕಾಕಾ ನೀರಿನ ಚಂಬು ಹಿಡಿದು ಓಡಿಬಂದರು.

"ಅಕ್ಕಾ, ಏನಾತ? ಗಂಟಲಾಗ ಸಿಕ್ಕೊಂತೇನು?"

"ಸಿಕ್ತು," ಎಂದರು ಅತ್ತೆ ಸಂತೋಷದಿಂದ. "ಈಗ ಸಿಕ್ತು."

ಕಾಕಾ ನನ್ನನ್ನು ಮೂಲೆಗೆ ಕರೆದರು. "ಖರೇ ಹೇಳು. ಆಕಿ ಹಾಲೆಂಡಿಗೆ ಹೊಂಟಾಳೇನು? ಯಾರರ ಅದಾರೇನು ಅಲ್ಲಿ?" ನಾನು ಇಲ್ಲ ಎಂದೆ. ಅವರು ನಂಬಲಿಲ್ಲ. ನಮ್ಮ ಮನೆತನದಲ್ಲಿ ಸಂಶಯ ಅತ್ತೆಯೊಬ್ಬರ ಆಸ್ತಿಯಲ್ಲ; ಅವರು ಅದನ್ನು ಉಳಿದವರಿಗಿಂತ ಚೆನ್ನಾಗಿ ಬಳಸುತ್ತಾರೆ, ಅಷ್ಟೇ.

ತಪಾಸಣೆಯ ದಿನ ಬಂತು. "ನೀನೂ ಇರು, ನಾ ಕೇಳಿದ್ದು ಖರೇ ಐತೋ ಇಲ್ಲೋ ನೋಡಾಕ," ಎಂದು ನನ್ನನ್ನು ಕರೆಸಿಕೊಂಡಿದ್ದರು. ಬೆಳಿಗ್ಗೆ ಬಲೆಮನೆಗೆ ಹೋಗಿ ನೋಡುತ್ತೇನೆ, ಅತ್ತೆ ಎರಡನೆಯ ಸಾಲಿನ ಮುಂದೆ ಕಲ್ಲಿನಂತೆ ನಿಂತಿದ್ದಾರೆ.

ಆದದ್ದು ಇಷ್ಟು. ಅತ್ತೆ ಬಾಯಿಪಾಠಕ್ಕೆಂದು ಒಂದೊಂದು ಪದವನ್ನು ಗಿಡಕ್ಕೆ ಕಟ್ಟುವ ಬಿಳಿ ಚೀಟಿಗಳ ಮೇಲೆಯೇ ಬರೆದುಕೊಂಡಿದ್ದರು. ಕನ್ನಡ ಅಕ್ಷರದಲ್ಲಿ, ಬಿಡಿಬಿಡಿಯಾಗಿ, ಒತ್ತಿನ ಅಕ್ಷರಕ್ಕೆ ಕೆಂಪು ಚುಕ್ಕೆ. ಬೇರೆಯವರ ಕೈಗೆ ಸಿಗಬಾರದೆಂದು ಅವನ್ನು ಚೀಟಿಗಳ ಡಬ್ಬಿಯಲ್ಲೇ, ಎಲ್ಲಕ್ಕಿಂತ ಕೆಳಗೆ ಬಚ್ಚಿಟ್ಟಿದ್ದರು. ಹಿಂದಿನ ದಿನ ಹೆಣ್ಣುಮಕ್ಕಳಿಗೆ, "ನಾಳೆ ಸಾಹೇಬ್ರು ಬರೋದ್ರಾಗ ಡಬ್ಯಾಗಿನ ಒಂದು ಚೀಟಿನೂ ಉಳೀಬಾರದು, ಎಲ್ಲಾ ಕಟ್ರಿ" ಎಂದು ಅಪ್ಪಣೆಯಾಗಿತ್ತು. ಮೂವತ್ತು ಜನರಲ್ಲಿ ಅತಿ ಚುರುಕಿನವಳಾದ ಮಮ್ತಾಜ್ ಒಂದು ಚೀಟಿಯನ್ನೂ ಉಳಿಸಿರಲಿಲ್ಲ.

"ಮಮ್ತಾಜ, ಏನ ಮಾಡೀದಿ ಇದು?"

"ನೀವs ಎಲ್ಲಾ ಕಟ್ರಿ ಅಂದ್ರೆಲ್ರಿ ಅಕ್ಕಾರ. ಕೆಂಪು ಚುಕ್ಕಿ ಇತ್ತು, ಯಾವ್ದೋ ಹೊಸಾ ತಳಿ ಅಂದಕೊಂಡ್ನಿರಿ."

ಬಿಚ್ಚಲು ಹೊತ್ತಿರಲಿಲ್ಲ. ಕಾರು ಬಂದೇಬಿಟ್ಟಿತು.

ಉದ್ದ ಮೇಡಂ ಮುಂದೆ ನಡೆದರು. ಯುವಕ ಒಂದು ಚೀಟಿಯನ್ನು ಹಿಡಿದು, ಇದೇನು ಹೊಸ ಗುರುತು ಎಂದು ಆಫೀಸರನ್ನು ಕೇಳಿದ. ಆಫೀಸರು ಕನ್ನಡಕ ಏರಿಸಿ, ಸ್ಪಷ್ಟವಾಗಿ ಓದಿದರು:

"ಪಾ-ರಾ-ಪ್ಲೂ-ಬಾಕ್."

ಯುವಕನ ಪೆನ್ನು ನಿಂತಿತು. ಬದನೆ ಗಿಡಕ್ಕೆ 'ಕೊಡೆ ಡಬ್ಬಿ' ಎಂದು ಬರೆದಿದ್ದರೆ ಯಾರ ಪೆನ್ನಾದರೂ ನಿಲ್ಲುತ್ತದೆ. ಆಫೀಸರು ಮುಂದಿನದಕ್ಕೆ ಹೋದರು. "ಕಾ-ದೋ-ಬಾನ್." ಉಡುಗೊರೆ ಚೀಟಿ. ಉದ್ದ ಮೇಡಂ ತಿರುಗಿ ಅತ್ತೆಯನ್ನು ನೋಡಿದರು. ಅತ್ತೆ ಛಾವಣಿಯ ಬಲೆಯನ್ನು ನೋಡಿದರು.

ಈಗ ಸಂಶಯದ ಸರದಿ ಹಾಲೆಂಡಿನದು! ಈ ಹೆಂಗಸಿಗೆ ನಮ್ಮ ಮಾತು ಗೊತ್ತು, ಇಷ್ಟು ವರ್ಷ ಕೇಳಿಸಿಕೊಂಡಿದ್ದಾಳೆ ಎಂದು ಯುವಕನ ಮುಖದಲ್ಲಿ ಬರೆದಿತ್ತು. ಅವನು ಡಚ್ಚಿನಲ್ಲಿ ಮಾತಾಡುವುದನ್ನೇ ಬಿಟ್ಟ. ಆದರೆ ನಿಜವಾಗಿ ಬೆವರಿದವರು ಆಫೀಸರು. ಅತ್ತೆಗೆ ಮೂಲವೇ ತಿಳಿಯುತ್ತದೆ ಎಂದರೆ ಅವರ ಅನುವಾದಗಳ ಗತಿ? ಆ ಕ್ಷಣದಿಂದ ಅವರು ಒಂದು ಮಾತನ್ನೂ ಬಿಡದೆ ತಿಳಿಸತೊಡಗಿದರು. "ಬಿಸಲು ಭಾಳ ಐತಂತಾರ್ರಿ. ಈಗ ಕೆಮ್ಮಿದ್ರರಿ. ಶೂದಾಗ ಕಲ್ಲ ಹೋಗೈತಂತ್ರಿ, ತಗೀತಾರಂತ್ರಿ. ತಗದ್ರರಿ."

ನಾಲ್ಕು ತಿಂಗಳ ಪಾಠ, ಚಪ್ಪಾಳೆ, ಬಸ್ಸು, ಮೆಣಸಿನಕಾಯಿ, ಎಲ್ಲವೂ ಇಷ್ಟಕ್ಕೆ ಬಂದು ನಿಂತಿತಲ್ಲ ಎಂದು ನನಗೆ ಸಂಕಟವಾಯಿತು. ಅವರು ಅತ್ತೆಯ ಬಗ್ಗೆ ಏನು ಯೋಚಿಸಿದ್ದಾರೆಂದು ಇನ್ನು ತಿಳಿಯುವ ದಾರಿಯೇ ಇರಲಿಲ್ಲ.

ನಿಜವಾದ ಪರೀಕ್ಷೆ ಆಮೇಲೆ. ಪ್ರತಿ ವರ್ಷ ಅದು ಹೀಗೆ ನಡೆಯುತ್ತದೆ: ಉದ್ದ ಮೇಡಂ ತಮಗೆ ತೋಚಿದ ಒಂದು ಸಾಲಿನಿಂದ, ಹಿಂದಿನ ಸಂಜೆ ಬಿಡಿಸಿದ ಹತ್ತು ಮೊಗ್ಗುಗಳನ್ನು ಕಿತ್ತು ಬಿಳಿ ಹಾಳೆಯ ಮೇಲೆ ಇಡುತ್ತಾರೆ. ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡಿ ಹೇಳುತ್ತಾರೆ, ಯುವಕ ಬರೆದುಕೊಳ್ಳುತ್ತಾನೆ. ಒಂದು ಮೊಗ್ಗಿನಲ್ಲಿ ಕೇಸರ ಉಳಿದಿದ್ದರೆ ಆ ಸಾಲನ್ನು ಕಿತ್ತುಹಾಕಬೇಕು. ಎರಡರಲ್ಲಿ ಉಳಿದಿದ್ದರೆ ತಪಾಸಣೆ ಕೆಟ್ಟಂತೆ.

ಮೇಜು ಹಾಕುವಷ್ಟರಲ್ಲಿ ಮೇಡಂಗೆ ಒಂದು ಫೋನ್ ಬಂತು. ಅವರು ಯುವಕನನ್ನು ಬಿಟ್ಟು, ದೂರ, ನೀರಿನ ಟಾಕಿಯ ಹಿಂದೆ ಹೋಗಿ ಮಾತಾಡಿದರು. ಅತ್ತೆ ಆಗಲೇ ಟಾಕಿಯ ಈ ಬದಿಯಲ್ಲಿ ಕೈ ತೊಳೆಯುತ್ತಿದ್ದರು. ಬಹಳ ಹೊತ್ತು ತೊಳೆದರು. ಆಮೇಲೆ ಸೆರಗಿನಲ್ಲಿ ಕೈ ಒರೆಸುತ್ತ ನನ್ನ ಹತ್ತಿರ ಬಂದರು.

"ಓ-ಪೆ-ರಾ-ತ್ಸಿ-ದಾ-ತುಮ್ ಅಂದ್ಲು. 'ರಾ' ಮ್ಯಾಲ ಒತ್ತು. ಮುಂದಿಂದು ಆಪರೇಷನ್ ಅಲ್ಲ?"

ನಾನು ಫೋನಿನಲ್ಲಿ ನೋಡಿದೆ. "ಹೌದು. ಆಪರೇಷನ್ ತಾರೀಖು."

"ಓಖನ್ ಅಂದ್ರ?"

"ಕಣ್ಣು. ಎರಡೂ ಕಣ್ಣು."

ಅತ್ತೆ ಟಾಕಿಯ ಕಡೆ ನೋಡಿದರು. ಮೇಡಂ ಕನ್ನಡಕ ತೆಗೆದು, ಎರಡು ಬೆರಳಿನಿಂದ ಕಣ್ಣು ಒತ್ತಿಕೊಂಡು ನಿಂತಿದ್ದರು. "ಆ ಹುಡುಗನ್ನ ಬಿಟ್ಟು ಅಷ್ಟು ದೂರ ಹೋಗಿ ಮಾತಾಡ್ಯಾಳ," ಎಂದರು ಅತ್ತೆ. "ಆಂವಗ ಗೊತ್ತಿಲ್ಲ. ಗೊತ್ತಾಗಬಾರದು. ಗೊತ್ತಾದ್ರ ಆಕೀನ್ನೂ ಮನಿಗೆ ಕಳಿಸ್ತಾರ."

ಒಪ್ಪಿಕೊಳ್ಳಬೇಕು, ಆ ಕ್ಷಣ ನನ್ನ ಎದೆ ಹಗುರಾಯಿತು. ಕಾಣದ ಕಣ್ಣಿಗೆ ಯಾವ ಕೇಸರ ಸಿಗುತ್ತದೆ? ಮೂವತ್ತು ಜನರ ಕೆಲಸ ಉಳಿದಂತೆಯೇ. ಅತ್ತೆಯ ಮುಖದಲ್ಲಿ ಅಂಥ ಹಗುರ ನನಗೆ ಕಾಣಲಿಲ್ಲ.

ಮೇಡಂ ಮಮ್ತಾಜಳ ಸಾಲಿನಿಂದ ಹತ್ತು ಮೊಗ್ಗು ಕಿತ್ತರು. ಕೀಳುವಾಗಲೇ ಬೆರಳು ತಡಕಾಡಿತು. ಹಾಳೆಯ ಮೇಲೆ ಮೊದಲನೆಯದನ್ನು ಇಟ್ಟು ಭೂತಗನ್ನಡಿ ಹತ್ತಿರ ತಂದರು, ದೂರ ಒಯ್ದರು, ಮತ್ತೆ ಹತ್ತಿರ ತಂದರು. ಯುವಕ ಪೆನ್ನು ಹಿಡಿದು ಕಾಯುತ್ತಿದ್ದ. ಅವನ ಕಣ್ಣು ಹಾಳೆಯಿಂದ ಮೇಡಂ ಕಡೆಗೆ ಏರತೊಡಗಿತು.

ಆಗ ಅತ್ತೆ ಮುಂದೆ ಬಂದು ಆ ಭೂತಗನ್ನಡಿಯನ್ನು ಮೇಡಂ ಕೈಯಿಂದ ತೆಗೆದುಕೊಂಡೇಬಿಟ್ಟರು!

"ಸಾಹೇಬ್ರ, ಅವರಿಗೆ ಹೇಳ್ರಿ," ಎಂದರು ಆಫೀಸರಿಗೆ. "ನಮ್ಮ ಕಡೆ ಪದ್ಧತಿ ಐತಿ. ಮೊಗ್ಗಿ ಬಿಡಿಸಿದ ಮನ್ಯಾಕಿನs ಮೊಗ್ಗಿ ತಗದು ಕೂಗಬೇಕು. ಬಂದವರು ಕೂತು ಕೇಳಬೇಕು. ಇಲ್ಲಂದ್ರ ನಮಗ ಅವಮಾನ."

ಅಂಥ ಪದ್ಧತಿ ಕುಪ್ಪೇಲೂರಿನಲ್ಲೂ ಇಲ್ಲ, ಜಗತ್ತಿನಲ್ಲೂ ಇಲ್ಲ. ಇವತ್ತು ಏನನ್ನೂ ಬಿಡುವಂತಿಲ್ಲದ ಆಫೀಸರು ಎಲ್ಲವನ್ನೂ ಅನುವಾದಿಸಿದರು. ಮೇಡಂ ನಿಧಾನವಾಗಿ ಕುರ್ಚಿಯ ಮೇಲೆ ಕುಳಿತರು.

ಅತ್ತೆ ಮೊಗ್ಗು ಬಿಡಿಸಿ ನೋಡಿದರು. "ಸ್ಖೋನ್," ಎಂದರು. ಶುದ್ಧವಾಗಿದೆ. ಡಚ್ಚಿನಲ್ಲಿ, ಬ್ಯಾಡಗಿಯ ಗಂಟಲಿನಲ್ಲಿ. ಯುವಕ ಬರೆದುಕೊಂಡ. ಎರಡನೆಯದು, ಸ್ಖೋನ್. ಮೂರು, ನಾಲ್ಕು, ಐದು, ಆರು, ಸ್ಖೋನ್. ಏಳನೆಯದರ ಮೇಲೆ ಅತ್ತೆ ಬಹಳ ಹೊತ್ತು ಬಗ್ಗಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ನನಗೂ ಕಂಡಿತು. ದಳದ ಬುಡದಲ್ಲಿ, ಅಕ್ಕಿಯ ನುಚ್ಚಿನಷ್ಟು, ಹಳದಿ. ಎದುರಿಗೆ ಕುಳಿತವರಿಗೆ ಅತ್ತೆಯ ಮಾತಿನ ಹೊರತು ಬೇರೆ ಕಣ್ಣಿರಲಿಲ್ಲ.

"ನೀತ್ ಸ್ಖೋನ್," ಎಂದರು ಅತ್ತೆ. ಶುದ್ಧವಾಗಿಲ್ಲ.

ಎಂಟು, ಒಂಬತ್ತು, ಹತ್ತು. ಸ್ಖೋನ್. ಸ್ಖೋನ್. ಸ್ಖೋನ್.

ಆಫೀಸರು ಫಲಿತಾಂಶ ಹೇಳಿದರು: ಒಂದು ಸಾಲು ಹೋಯಿತು, ಬಲೆಮನೆಗಳು ಉಳಿದವು, ಬರುವ ವರ್ಷವೂ ಅತ್ತೆಯ ಕೈಯಲ್ಲೇ. ಯಾರೂ ಕುಣಿಯಲಿಲ್ಲ. ಮಮ್ತಾಜ್ ತನ್ನ ಸಾಲಿನ ಮುಂದೆ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅತ್ತೆ ಹತ್ತಿರ ಹೋದಾಗ ಅವಳಿಗೆ ತಡೆಯಲಾಗಲಿಲ್ಲ.

"ಅಕ್ಕಾರ, ಆಕಿಗೆ ಅದು ಕಾಣತಿದ್ದಿಲ್ಲ. ನಾ ನೋಡಾಕತ್ತಿದ್ನಿ. ಸುಮ್ನ ಸ್ಖೋನ್ ಅಂದಿದ್ರ ಆಗತಿದ್ದಿಲ್ಲೇನ್ರಿ? ಯಾಕ ಹೇಳಿದ್ರಿ?"

"ಕಾಣತಿದ್ದಿಲ್ಲ ಅಂತನs ಹೇಳಿದ್ನಿ," ಎಂದರು ಅತ್ತೆ. "ಕಾಣತಿದ್ರ ಆಕಿನs ಹೇಳತಿದ್ಲು. ಅಳಬ್ಯಾಡ. ನಾಳೆ ಇಬ್ರೂ ಕೂಡಿ ಕೀಳೂಣು."

ಯುವಕ ಮತ್ತು ಆಫೀಸರು ಮಾತಾಡುತ್ತ ಕಾರಿನ ಕಡೆ ಮುಂದೆ ಹೋಗಿದ್ದರು. ಮೇಡಂ ಬಲೆಮನೆಯ ನಡುವೆ ಒಬ್ಬರೇ ನಿಂತಿದ್ದರು. ನೆಲದ ತುಂಬ ಹನಿ ನೀರಾವರಿಯ ಕಪ್ಪು ಪೈಪುಗಳು, ಕಪ್ಪು ಮಣ್ಣು. ಎರಡೂ ಒಂದೇ ಬಣ್ಣ. ಅವರು ಕಾಲನ್ನು ಸ್ವಲ್ಪ ಮುಂದೆ ಚಾಚಿ, ಹಿಂದೆ ತೆಗೆದುಕೊಂಡರು. ಅತ್ತೆ ಹೋಗಿ ಅವರ ಕೈ ಹಿಡಿದರು. ದೂರದಿಂದ ನೋಡಿದವರಿಗೆ ನಮ್ಮ ಕಡೆಯ ಹೆಂಗಸರು ಬೀಗಿತ್ತಿಯನ್ನು ಕಳಿಸಿಕೊಡುವಂತೆ ಕಾಣಬೇಕು, ಹಾಗೆ ಹಿಡಿದರು.

ಮೇಡಂ ಅತ್ತೆಯ ಕಿವಿಯ ಹತ್ತಿರ ಬಗ್ಗಿ ಡಚ್ಚಿನಲ್ಲಿ ಏನೋ ಕೇಳಿದರು. ನಿಧಾನವಾಗಿ, ಅಕ್ಷರ ಅಕ್ಷರ ಬಿಡಿಸಿ. ಬಹುಶಃ, ನಿಮಗೆ ಎಷ್ಟು ತಿಳಿಯಿತು ಎಂದು.

ನಾಲ್ಕು ತಿಂಗಳು ಈ ಭಾಷೆಗಾಗಿ ಕದ ಹಾಕಿಕೊಂಡು ಕುಳಿತಿದ್ದ ನಮ್ಮ ಅತ್ತೆ, ಏನೂ ತಿಳಿಯದ ಹಳ್ಳಿ ಹೆಂಗಸಿನಂತೆ ತಲೆ ಅಲ್ಲಾಡಿಸಿ ನಕ್ಕರು. ಆಮೇಲೆ ಕನ್ನಡದಲ್ಲಿ, ನನ್ನೊಡನೆಯೂ ಎಂದೂ ಆಡದಷ್ಟು ಮೆತ್ತಗೆ, "ಇಲ್ಲೊಂದು ಪೈಪ್ ಐತಿ ತಂಗಿ, ಕಾಲ ಎತ್ತು," ಎಂದರು.

ಮೇಡಂ ಕಾಲೆತ್ತಿದರು.